ಬೆಲ್ಲ ಸವರಿದ ಕಬ್ಬು

ಕಬ್ಬಿನ ಕಟ್ಟಿಗೆ ನೊಣ ಮುತ್ತಿದ್ದನ್ನು ಮೊದಲು ಕಂಡವಳು ಕರುಪ್ಪಾಯಿ, ಊರೆಲ್ಲ 'ಆತ್ತಾ', ತಾಯಿ, ಎಂದು ಕರೆಯುವ ಮುದುಕಿ. ಅಷ್ಟರಲ್ಲಿ ಆಯ್ಕೆ ಮುಗಿದಿತ್ತು. ಕಾಳಿಯಪ್ಪನ್ ಮನೆಯ ಕಂದು ಹೋರಿ ಅತ್ತಿತ್ತ ನೋಡದೆ ಬಂದು ಕಟ್ಟಿನ ಎಡತುದಿಗೆ ಬಾಯಿ ಹಾಕಿತ್ತು. ನೊಣಗಳಿದ್ದದ್ದೂ ಅದೇ ತುದಿಯಲ್ಲಿ.

ಕಂಬಂ ಕಣಿವೆಯ ಕನ್ನಡದ ಒಕ್ಕಲು ಮನೆಗಳಿಗೆಲ್ಲ ಸೇರಿ ಒಂದು ದೇವರ ಮಂದೆ. ಅದರ ದನಗಳನ್ನು ಯಾರೂ ಹೂಡುವುದಿಲ್ಲ, ಮಾರುವುದಿಲ್ಲ. ಮಂದೆಯನ್ನು ಆಳುವ ಪಟ್ಟದ ಹೋರಿ ಸತ್ತರೆ, ಎಲ್ಲ ದನಗಳ ಎದುರು ಕಬ್ಬು ಇಡುತ್ತಾರೆ. ಮೊದಲು ಬಾಯಿ ಹಾಕಿದ್ದಕ್ಕೆ ಪಟ್ಟ. ಅದನ್ನು ದೇವರಿಗೆ ಬಿಟ್ಟ ಮನೆಯವರು, ಅದು ಬದುಕಿರುವ ತನಕ, ಮಂದೆಯ ಪರವಾಗಿ ಮಾತಾಡುತ್ತಾರೆ.

ಆ ವರ್ಷ ಆ ಮಾತಿಗೆ ತೂಕವಿತ್ತು. ಮಂದೆ ಮೇಯುವ ಪಡುವಣ ಮಲೆಯ ಕಾಡು ತನ್ನದೆಂದು ಸರ್ಕಾರ ಸಾರಿತ್ತು. ಮೇವಿನ ಹಕ್ಕುಗಳನ್ನು ವಿಚಾರಿಸಲು ಬಿಳಿಯ ದೊರೆಯೊಬ್ಬ ಬೇಸಿಗೆಯಲ್ಲಿ ಬರುತ್ತಾನೆಂದು ತಮಟೆ ಹೊಡೆಸಿತ್ತು. ಯಾವ ದಿನವೆಂದು ಹೇಳಿರಲಿಲ್ಲ. ದೊರೆಯ ಮುಂದೆ ನಿಂತು ಹುಲ್ಲುಗಾವಲನ್ನು ಕೇಳಬೇಕಾದವರು ಪಟ್ಟದ ಹೋರಿಯ ಮನೆಯವರು. ಕಾಳಿಯಪ್ಪನ್ ಕೇಳುತ್ತಾನೆಂದು ಯಾರೂ ನಂಬಲಿಲ್ಲ. ತಹಸೀಲ್ದಾರನ ಜಗುಲಿಯಲ್ಲೇ ಹೊತ್ತು ಕಳೆಯುವ ಮನುಷ್ಯ ಅವನು.

ಹತ್ತು ಜನ ಒಟ್ಟಿಗೆ ನಿಲ್ಲಲು ಅಪ್ಪಣೆ ಬೇಕಿದ್ದ ಕಾಲ. ಹೋದ ವರ್ಷ ಕಾಲುವೆಯ ನೀರು ಕೇಳಲು ಕಚೇರಿಗೆ ಹೋದವರ ಬೆನ್ನ ಮೇಲಿನ ಬಾಸುಂಡೆ ಇನ್ನೂ ಮಾಸಿರಲಿಲ್ಲ. ಹಾಗಾಗಿ ಈ ಆಯ್ಕೆಯೂ ತಹಸೀಲ್ದಾರನ ಕಣ್ಣೆದುರು, ಪೊಲೀಸರ ಕಾವಲಿನಲ್ಲಿ ನಡೆದಿತ್ತು. ಗೆದ್ದದ್ದು ಯಾರ ಹೋರಿಯೆಂಬುದನ್ನು ಅವನು ಕುರ್ಚಿಯಿಂದ ಏಳದೆ ಸಾರಿದ.

ಕರುಪ್ಪಾಯಿ ಕಬ್ಬಿನ ತುದಿಯನ್ನು ಬೆರಳಿನಿಂದ ಒರೆಸಿ ನಾಲಗೆಗೆ ಮುಟ್ಟಿಸಿದಳು. ಉಗುಳಿದಳು.

"ಕಬ್ಬುಗೂ ಬೆಲ್ಲ ಸವರ್ತಾರಾ ತಂಬಿ? ನಿಮ್ಮಪ್ಪ ಕದ್ರೆ ಊರಿಗೇ ಗೊತ್ತಾಗ್ತಿರಲಿಲ್ಲ. ನಿನಗೆ ಅದೂ ಬರಲಿಲ್ಲ."

ಕಾಳಿಯಪ್ಪನ್ ಕೈಗಳನ್ನು ಹಿಂದಕ್ಕೆ ಕಟ್ಟಿಕೊಳ್ಳಲೂ ಇಲ್ಲ. ಬೆರಳ ಸಂದಿಗಳಲ್ಲಿ ಪಾಕ ಒಣಗಿ ಕಪ್ಪಾಗಿತ್ತು. ಅಲ್ಲೂ ಒಂದು ನೊಣ. ಕಣಿವೆಯಲ್ಲೇ ಜಾಣನೆಂದು ಹೆಸರಾದವನು ಕೈ ತೊಳೆಯುವುದನ್ನು ಮರೆತಿದ್ದ. ಆಸೆ ಹೆಚ್ಚಾದರೆ ಬುದ್ಧಿ ಕೆಡುತ್ತದೆ ಎಂದು ಜನ ಅಸಹ್ಯಪಟ್ಟುಕೊಂಡರು.

ಪಟ್ಟಕ್ಕೆ ತಕರಾರು ಬಂದರೆ ನಡೆಯಬೇಕಾದ ಕಟ್ಟಳೆ ಎಲ್ಲರಿಗೂ ಗೊತ್ತಿತ್ತು. ಅರಸನಿಲ್ಲದ ಮಂದೆ ಮೇಯಬಾರದು. ತಕರಾರು ಎಲ್ಲಿ ತೀರುತ್ತದೋ ಅಲ್ಲಿಗೆ ಅಷ್ಟೂ ದನ ಹೋಗಬೇಕು, ಮನೆ ಮನೆಯವರೂ ಜೊತೆಗೆ ಹೋಗಬೇಕು. ಮಂದೆ ಕಾಯುವ ಮಾಯಾಂಡಿ ಮಾತ್ರ ಅನುಮಾನಿಸಿದ. ನಡೆಯಲಾರದ ಮುದಿ ಹಸುಗಳೊಂದಿಗೆ ತಾನು ಮಲೆಯಲ್ಲೇ ಉಳಿಯಲೇ ಎಂದು ಕೇಳಿದ.

"ಅರಸು ಇಲ್ದಾಗ ಕಚ್ಚಿದ ಹುಲ್ಲು ಕದ್ದ ಹುಲ್ಲು," ಎಂದಳು ಕರುಪ್ಪಾಯಿ. "ಒಂದು ಬಾಲನೂ ಮೇಲೆ ಇರಬಾರದು."

ಪಟ್ಟ ಸಾರಿದವನು ತಹಸೀಲ್ದಾರ; ಮಂದೆ ಅವನ ಕಚೇರಿಯ ಮುಂದಿನ ರಸ್ತೆಯಲ್ಲಿ ಮಲಗಿತು. ಜನ ಅದರ ನಡುವೆ ಕೂತರು. ಮಧ್ಯಾಹ್ನಕ್ಕೆ ಸಗಣಿ ಮೆಟ್ಟಿಲು ಮುಟ್ಟಿತು. ಹೆಂಗಸರು ಕಾಳಿಯಪ್ಪನ್ ಹೆಸರು ಹಿಡಿದು ಸತ್ತವರಿಗೆ ಹಾಡುವ ಒಪ್ಪಾರಿ ಹಾಡಿ ಎದೆ ಬಡಿದುಕೊಂಡರು, ಬದುಕಿದ್ದವನಿಗೇ. ಗುಮಾಸ್ತರು ಮೂಗಿಗೆ ಬಟ್ಟೆ ಹಿಡಿದು ಓಡಾಡಿದರು.

ಲಾಠಿ ಬೀಳಲಿಲ್ಲ. ತಹಸೀಲ್ದಾರ ಹೊರಗೆ ಬಂದು ತೊಟ್ಟಿಗೆ ನೀರು ತುಂಬಿಸಿದ. ಮಂದೆ ಪೂರ್ತಿ ಬಂದಿದೆಯೇ, ಮೇಲೆ ಯಾರಾದರೂ ಉಳಿದಿದ್ದಾರೆಯೇ ಎಂದು ವಿಚಾರಿಸಿದ. ಯಾರೂ ಇಲ್ಲವೆಂದು ಕರುಪ್ಪಾಯಿ ತಲೆಯೆತ್ತಿ ಹೇಳಿದಳು. ಹಾಗಿದ್ದರೆ ವಿಚಾರಣೆ ಸರಿಯಾಗಿ ಆಗುತ್ತದೆ, ಸ್ವಲ್ಪ ತಾಳಿ ಎಂದ ಅವನು. ಸರ್ಕಾರ ಹೆದರಿದೆ ಎಂದು ಜನ ಪಿಸುಗುಟ್ಟಿದರು. ಆ ಮಾತು ರುಚಿಯಾಗಿತ್ತು.

ಮಾರನೆಯ ಬೆಳಿಗ್ಗೆ ಗಾಡಿಗಳ ಸಾಲೊಂದು ಬಂತು. ಮೊಳಕಾಲೆತ್ತರದ ಕಡಿದ ಕಲ್ಲುಗಳು, ಜೊತೆಗೆ ಸುಣ್ಣದ ಮೂಟೆಗಳು. ಆ ವರ್ಷಗಳಲ್ಲಿ ಕಣಿವೆ ಹತ್ತಿ ಹೋದದ್ದೆಲ್ಲ ಮೇಲೆ ಕಟ್ಟುತ್ತಿದ್ದ ಪೆರಿಯಾರ್ ಅಣೆಕಟ್ಟಿಗೆ. ಇವು ಎಲ್ಲಿಗೆಂದು ಯಾರೂ ಕೇಳಲಿಲ್ಲ. ಮಾಯಾಂಡಿ ತಾನೇ ಎದ್ದು ದನಗಳನ್ನು ಸರಿಸಿ ಗಾಡಿಗಳಿಗೆ ದಾರಿ ಬಿಡಿಸಿಕೊಟ್ಟ. ಏರಿನಲ್ಲಿ ಒಂದು ಗಾಡಿ ಸಿಕ್ಕಿಕೊಂಡಾಗ ಹೆಗಲು ಕೊಟ್ಟು ತಳ್ಳಿದವರೂ ಇವರೇ.

ಅದರ ಮರುದಿನ ತಹಸೀಲ್ದಾರ ಮಣಿದ. ಕಚೇರಿಯ ಅಂಗಳದಲ್ಲಿ ಮತ್ತೆ ಆಯ್ಕೆ. ಕಬ್ಬನ್ನು ಎಲ್ಲರ ಎದುರು ತೊಳೆದು ಇಟ್ಟರು. ಕಂದು ಹೋರಿ ಮೂಸಿ ಮುಖ ತಿರುಗಿಸಿತು. ಕರುಪ್ಪಾಯಿ ದೇವರಿಗೆ ಬಿಟ್ಟಿದ್ದ ಬಿಳಿ ಹೋರಿ ಗಿಣ್ಣು ಮುರಿದು ಅಗಿಯಿತು. ತಹಸೀಲ್ದಾರ ಅದರ ಹಣೆಗೆ ತನ್ನ ಕೈಯಿಂದಲೇ ಕುಂಕುಮ ಹಚ್ಚಿದ. ಕಾಳಿಯಪ್ಪನ್ ಎಲ್ಲೂ ಕಾಣಲಿಲ್ಲ. ಮುಖ ತೋರಿಸಲು ನಾಚಿಕೆ ಎಂದು ನಕ್ಕರು.

ಹೆಂಗಸರು ನಾಲಗೆ ಹೊರಳಿಸಿ ಕುಲವೆಯ ಕೂಗು ಹಾಕುತ್ತಿರಲು ಮಂದೆ ಮಲೆಗೆ ಮರಳಿತು. ಕರುಪ್ಪಾಯಿ ಎಲ್ಲರಿಗಿಂತ ಮುಂದೆ. ದೊರೆಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತ ನಡೆದಳು.

ಹುಲ್ಲುಗಾವಲಿನ ಅಂಚಿನಲ್ಲಿ ಬಿಳಿ ಹೋರಿ ನಿಂತಿತು. ಮುಂದಿದ್ದ ಕಲ್ಲನ್ನು ಮೂಸಿ ಸೀನಿತು. ಮೊಳಕಾಲೆತ್ತರದ ಕಲ್ಲು. ತಲೆಗೆ ಬಳಿದ ಸುಣ್ಣ ಇನ್ನೂ ಹಸಿ. ಅದರಾಚೆ ಇನ್ನೊಂದು, ಮತ್ತೊಂದು. ಸಾಲು ಮಲೆಯ ಬುಡವನ್ನೆಲ್ಲ ಸುತ್ತಿ ಹೋಗಿತ್ತು.

ಕಲ್ಲುಗಳ ಒಳಗಡೆ, ನೆರಳಿನಲ್ಲಿ, ಕಾಡಿನ ಹೊಸ ಕಾವಲುಗಾರ ಕೂತಿದ್ದ. ಎದೆಯ ಮೇಲೆ ಸರ್ಕಾರದ ಹಿತ್ತಾಳೆ ಬಿಲ್ಲೆ. ಅವನು ನಿಧಾನವಾಗಿ ಎದ್ದು, ಪಾಠ ಒಪ್ಪಿಸುವವನಂತೆ ಹೇಳಿದ: ದೊರೆ ನಿನ್ನೆ ಬಂದಿದ್ದರು. ಇಲ್ಲಿ ಮೇಯಿಸುವವರು ಯಾರಿದ್ದೀರಿ ಎಂದು ಮತ್ತೆ ಮತ್ತೆ ಕೂಗಿಸಿದರು. ಒಬ್ಬ ಮನುಷ್ಯನಿರಲಿಲ್ಲ, ಒಂದು ದನವಿರಲಿಲ್ಲ. ಹಕ್ಕು ಕೇಳುವವರಿಲ್ಲವೆಂದು ಕಾಡು ಮುಚ್ಚಿ ಹೋದರು.

ಕರುಪ್ಪಾಯಿ ಅವನ ಕೈಗಳನ್ನು ನೋಡಿದಳು. ಈಗ ಚೊಕ್ಕವಾಗಿದ್ದವು.

"ಬೆಲ್ಲ ಇನ್ನೂ ಕಮ್ಮಿ ಸವರಿದ್ರೆ," ಎಂದ ಕಾಳಿಯಪ್ಪನ್, "ನಿಮ್ಮ ಕಣ್ಣಿಗೆ ಬೀಳ್ತಿತ್ತಾ, ಆತ್ತಾ?"