ಭವನದ ಚಾವಿ

“ಚಾವಿ ಕೊಡುದಿಲ್ಲ ಅಂದ್ರೆ ಕೊಡುದಿಲ್ಲ,” ಎಂದ ದೇವಾನಂದ.

ಅಂಗಳದಲ್ಲಿ ನಿಂತಿದ್ದ ರಾಮಾ ಕದಲಲಿಲ್ಲ. ದೋಣಿಯಿಂದ ಇಳಿದವನು ಬಟ್ಟೆ ಕೂಡ ಬದಲಿಸದೆ ಬಂದಿದ್ದ. ಲುಂಗಿಯಿಂದ ಸಮುದ್ರದ ನೀರು ತೊಟ್ಟಿಕ್ಕುತ್ತಿತ್ತು.

“ಒಂದು ತಾಸು ಸಾಕು, ದೇವಾನಂದಣ್ಣ. ಅಂಕೋಲೆಯಿಂದ ಪೊಲೀಸ್ರು ಬರೂವರೆಗೆ. ಕಡಲಲ್ಲಿ ಸಿಕ್ಕಿದವ್ನನ್ನ ಬರೀ ಮರಳಲ್ಲಿ ಮಲಗ್ಸಿದ್ದೇವೆ. ಸುತ್ತ ಜನ ಮೊಬೈಲ್ ಹಿಡ್ಕಂಡು ನಿಂತಾರೆ. ಮಳೆ ಬೇರೆ ಬರೂ ಹಾಗದೆ. ನೀವೇ ಬಂದು ಬಾಗ್ಲ ತೆಗೀರಿ.”

ಅವರ್ಸಾದ ದಂಡೆಗೆ ಇಳಿಯುವ ದಾರಿಯಲ್ಲಿ ಆ ಭವನವಿದೆ. ನೆತ್ತಿಯ ಮೇಲೆ ‘ಸಾರ್ವಜನಿಕ ಸಮುದಾಯ ಭವನ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ಕಟ್ಟಿದ್ದು ಸರ್ಕಾರದ ಹಣದಲ್ಲಿ. ಆದರೆ ಸಾರ್ವಜನಿಕರು ಅಂದರೆ ಯಾರು ಎಂದು ತೀರ್ಮಾನಿಸುವವನು ಭವನ ಸಮಿತಿಯ ಅಧ್ಯಕ್ಷ ದೇವಾನಂದ. ಗದ್ದೆ ಕಡೆಯವರ ಮದುವೆಗೆ, ಮೀಟಿಂಗಿಗೆ ಬಾಗಿಲು ತಾನಾಗಿ ತೆರೆಯುತ್ತಿತ್ತು. ದಂಡೆ ಕೇರಿಯವರು ಕೇಳಿದಾಗ ಮಾತ್ರ ಏನಾದರೊಂದು ಅಡ್ಡಿ ಬರುತ್ತಿತ್ತು. ಹೋದ ಮಳೆಗಾಲದಲ್ಲಿ ಕಡಲು ಉಕ್ಕಿ ಕೇರಿಯವರ ಚಪ್ಪರ ಕೊಚ್ಚಿಹೋದಾಗ, ನಾಲ್ಕು ದಿನ ಬಲೆ ಇಟ್ಟುಕೊಳ್ಳುತ್ತೇವೆ ಎಂದು ಇದೇ ರಾಮಾ ಬಂದಿದ್ದ. ಗೋಡೆಗೆ ಮೀನಿನ ವಾಸನೆ ಹಿಡಿಯುತ್ತದೆ ಎಂದು ದೇವಾನಂದ ಅವನನ್ನು ಸಾಗಹಾಕಿದ್ದ. ಎರಡು ಹೊತ್ತೂ ಮೀನಿಲ್ಲದೆ ಉಣ್ಣದ ಮನುಷ್ಯನ ಮೂಗು ಬಲೆಯ ವಿಷಯದಲ್ಲಿ ಮಾತ್ರ ಅಷ್ಟು ಸೂಕ್ಷ್ಮವಾಗಿತ್ತು.

ಈಗಲೂ ಅವನಿಗೆ ಅದೇ ಗುಮಾನಿ. ಇವತ್ತು ಹೆಣ, ನಾಳೆ ಬಲೆ. ಒಮ್ಮೆ ಬಾಗಿಲು ತೆಗೆದರೆ ಮತ್ತೆ ಹಾಕಲಿಕ್ಕಾಗುವುದಿಲ್ಲ.

ಅದೂ ಇವತ್ತೇ ಆಗಬೇಕೇ? ನಾಳೆ ಬೆಳಿಗ್ಗೆ ಅದೇ ಭವನದಲ್ಲಿ ಅವನ ಮಗನ ನಿಶ್ಚಿತಾರ್ಥ. ರಾಮನಗುಳಿಯಿಂದ ಹೆಣ್ಣಿನ ಕಡೆಯವರು ಬರುವವರಿದ್ದಾರೆ. ನೆಲ ತೊಳೆಸಿ, ಕುರ್ಚಿ ಹಾಕಿಸಿ ಆಗಿತ್ತು. ಉಳಿದದ್ದೆಲ್ಲ ಅರೆಬರೆ. ಅಡಿಗೆಯವನು ಇನ್ನೂ ಬಂದಿಲ್ಲ, ಮೈಕಿನವನು ಸಬೂಬು ಹೇಳುತ್ತಿದ್ದಾನೆ, ಅಲಂಕಾರದ ಸಾಮಾನು ತರಲು ಬೆಳಿಗ್ಗೆ ಗೆಳೆಯರ ಜೊತೆ ಕಾರವಾರಕ್ಕೆ ಹೋದ ಮಗ ವಿಕಾಸ ಫೋನ್ ಎತ್ತುತ್ತಿಲ್ಲ. ಎಲ್ಲದಕ್ಕೂ ತಾನೊಬ್ಬನೇ ಸಾಯಬೇಕು ಎಂದು ದೇವಾನಂದ ಬೆಳಗಿನಿಂದ ಕುದಿಯುತ್ತಿದ್ದ.

“ಯಾರದು? ಬೀರುವಾ?” ಎಂದು ಕೇಳಿದ.

ಬೀರು ಕೇರಿಯ ಮುದುಕ. ಕುಡಿದು ಒಬ್ಬನೇ ದೋಣಿ ಹಾಕುವವನು. ಒಂದು ದಿನ ಇವನು ಹೀಗೇ ಹೋಗುತ್ತಾನೆ ಎಂದು ಊರೆಲ್ಲ ಹೇಳುತ್ತಿತ್ತು.

ರಾಮಾ ತಲೆ ತಗ್ಗಿಸಿದ. “ಹೆಸ್ರು ಕೇಳ್ಬೇಡಿ, ಅಣ್ಣಾ. ಮನೆಯವ್ರು ಇನ್ನೂ ನೋಡ್ಲಿಲ್ಲ.”

ಇದು ದೇವಾನಂದನಿಗೆ ಗೊತ್ತಿದ್ದ ಕಟ್ಟಳೆಯೇ. ಕಡಲಲ್ಲಿ ಸಿಕ್ಕಿದವನ ಮುಖವನ್ನು ಮನೆಯವರು ನೋಡುವ ತನಕ ಕೇರಿಯವರು ಹೆಸರು ಬಾಯಿಗೆ ತರುವುದಿಲ್ಲ. ಕಣ್ಣಾರೆ ಕಂಡಿದ್ದರೂ ಹೇಳುವುದಿಲ್ಲ. ಬೀರುವಿನ ಮಗಳನ್ನು ಕೊಟ್ಟದ್ದು ಕದ್ರಾದಲ್ಲಿ. ಅವಳು ಬಂದು ಮುಟ್ಟಲು ಹೊತ್ತಾಗುತ್ತದೆ, ಅಲ್ಲಿಯ ತನಕ ಭವನ ಇವರ ಕೈಯಲ್ಲಿ ಎಂದು ದೇವಾನಂದ ಮನಸ್ಸಿನಲ್ಲೇ ಲೆಕ್ಕ ಹಾಕಿದ.

“ನಾಳೆ ಶುಭಕಾರ್ಯ ಮಾರಾಯ. ಹೆಣ ಇಟ್ಟ ಜಾಗ್ದಲ್ಲಿ ನನ್ನ ಮಗ ಉಂಗುರ ಹಾಕ್ಬೇಕಾ? ನಿಂಗೂ ಮಕ್ಕಳವೆ ಅಲ್ವಾ?”

“ಅವೆ, ಅಣ್ಣಾ,” ಎಂದ ರಾಮಾ. “ಅದ್ಕೇ ಬಂದದ್ದು.”

ಒಳಗೆ ಇನ್ನೊಂದು ಕಿರಿಕಿರಿ. ರಾಮಾನ ಹೆಂಡತಿ ಹೀರಾ ಗಂಡನ ಜೊತೆಗೇ ಬಂದು ಸೀದಾ ಅಡಿಗೆಮನೆಗೆ ಹೋಗಿದ್ದಳು. ಮೀನಿನ ಬುಟ್ಟಿ ಹೊತ್ತು ಹಿತ್ತಲ ಬಾಗಿಲ ತನಕ ಬಂದು ಹೋಗುವವಳು, ಇವತ್ತು ದೇವಾನಂದನ ಹೆಂಡತಿ ಗಂಗೂಳ ಪಕ್ಕವೇ ಕೂತುಬಿಟ್ಟಿದ್ದಳು. “ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ ವೈನಿ? ಮೊದ್ಲು ಒಂಚೂರು ತಿನ್ನಿ,” ಎಂದು ಅವಳು ಹೇಳುವುದು ಹೊರಗೆ ಕೇಳಿಸಿತು. ಹೆಂಗಸರ ಕಡೆಯಿಂದ ವಶೀಲಿ ಹಚ್ಚುತ್ತಿದ್ದಾರೆ ಎಂದು ದೇವಾನಂದನಿಗೆ ಇನ್ನಷ್ಟು ಸಿಟ್ಟು ಬಂತು.

“ಚಾವಿ ಬೇಡ ಬಿಡಿ,” ಎಂದ ರಾಮಾ ಕೊನೆಗೆ. “ನೀವೊಂದ್ಸಲ ದಂಡೆಗೆ ಬನ್ನಿ. ನಿಮ್ಮ ಕಾಲು ಹಿಡೀತೆ.”

ಹೋಗದಿದ್ದರೆ ಬೀಗ ಒಡೆಯಲೂ ಇವರು ಹೇಸುವುದಿಲ್ಲ ಅನ್ನಿಸಿತು ದೇವಾನಂದನಿಗೆ. ಚಾವಿಯನ್ನು ಜೇಬಿಗೆ ಹಾಕಿಕೊಂಡು ಹೊರಟ. ದಾರಿಯುದ್ದಕ್ಕೂ ಬೈದ. ಸರ್ಕಾರ ಕಟ್ಟಿಸಿದ್ದೆಲ್ಲ ಸಿಕ್ಕಿದವರಿಗೆ ಸಿಕ್ಕಿದ ಹಾಗೆ ಬಳಸಲಿಕ್ಕಲ್ಲ ಎಂದ. ಶಿಸ್ತು ಬೇಕು ಎಂದ. ಜಾರುವ ಕಡೆ ರಾಮಾ ಅವನ ತೋಳು ಹಿಡಿದುಕೊಂಡ. ಮಳೆ ಹನಿಯತೊಡಗಿತ್ತು.

ಭವನದ ಎದುರು ಕೇರಿಯೇ ಸೇರಿತ್ತು. ಮಳೆ ಬಂದದ್ದಕ್ಕೆ ಅವರು ಹೆಣವನ್ನು ಎತ್ತಿ ತಂದು, ಬೀಗ ಹಾಕಿದ ಬಾಗಿಲ ಮುಂದಿನ ಜಗಲಿಯ ಮೇಲೆ ಮಲಗಿಸಿದ್ದರು. ಗಂಡಸರು ಸುತ್ತಲೂ ತಾಡಪತ್ರಿ ಹಿಡಿದು ಮರೆ ಮಾಡಿದ್ದರು.

ದೇವಾನಂದನ ಪಿತ್ತ ನೆತ್ತಿಗೇರಿತು.

“ಯಾರನ್ನ ಕೇಳಿ ಇಲ್ಲಿಟ್ರಿ?” ಎಂದು ಕೂಗಿದ. “ಇದೇನು ಮಸಣವಾ? ಅವನ ಮನೆಯವ್ರನ್ನ ಕರೆಸಿ, ಮುಖ ತೋರ್ಸಿ, ಎತ್ತಿ ಇಲ್ಲಿಂದ! ನಾಳೆ ನನ್ನ ಮಗ ಇದೇ ಮೆಟ್ಲು ಹತ್ತಿ ಬರೂನಿದ್ದಾನೆ.”

ಹೆಂಗಸೊಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಾಡಪತ್ರಿಯ ತುದಿ ಹಿಡಿದಿದ್ದ ಮುದುಕ ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟ. ಅವನು ಬೀರು.

ಬೀರುವಿನ ಹಿಂದೆ, ಬೆಳಿಗ್ಗೆ ಮಗನ ಜೊತೆ ಹೊರಟಿದ್ದ ಹುಡುಗರು ಈಜಿನ ಒದ್ದೆ ಚಡ್ಡಿಯಲ್ಲೇ ಕೂತಿದ್ದದ್ದು ದೇವಾನಂದನಿಗೆ ಕಂಡಿತು.

“ಮನೆಯವ್ರು ಬಂದ್ರು,” ಎಂದು ಮೆತ್ತಗೆ ಹೇಳಿ, ರಾಮಾ ವಿಕಾಸನ ಮುಖದ ಮೇಲಿನ ಬಟ್ಟೆ ಸರಿಸಿದ.