ಮೂರನೇ ಬಟನ್

ಗೇಟಿನಲ್ಲಿ ಮಾಲು ನೋಡಿ ಒಳಗೆ ಬಿಡುವ ರೂಪ ತೆರೆಯ ಮೇಲಿನ ಎರಡು ಬಟನ್‌ಗಳಲ್ಲಿ ಯಾವುದನ್ನೂ ಒತ್ತಲಿಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಗೇಟಿನಲ್ಲಿ ಪಾಲಣ್ಣನ ಶೇಂಗಾ ಟ್ರ್ಯಾಕ್ಟರ್ ನಿಂತಿತ್ತು. ಅದರ ಹಿಂದೆ ಎಂಟು ಗಾಡಿಗಳು ಹಾರನ್ ಹೊಡೆಯುತ್ತಿದ್ದವು. ಹೊಸ ಸಾಫ್ಟ್‌ವೇರ್ ಶುರುವಾಗಿ ಇನ್ನೂ ಒಂದು ಗಂಟೆಯಾಗಿರಲಿಲ್ಲ.

ಮಿಲ್ಲಿನ ಮಾಲೀಕ ಮುರುಗೇಂದ್ರಪ್ಪ ಆಫೀಸಿನಿಂದ ಓಡಿ ಬಂದರು. ಹಿಂದೆಯೇ ಸಾಫ್ಟ್‌ವೇರ್ ಮಾಡಿಕೊಟ್ಟ ತ್ರಿವೇಣಿ.

"ಏನಮ್ಮ ರೂಪ, ಒತ್ತೋಕೆ ಬರ್ತಿಲ್ವಾ?"

"ಬರ್ತೈತೆ ಯಜಮಾನ್ರೇ, ಒತ್ತಂಗಿಲ್ಲ. ಹಸಿರು ಒತ್ತಿದ್ರೆ ಈ ಹಸಿ ಕಾಯಿ ಸೀದಾ ಗೋದಾಮಿಗೆ ಹೋಗ್ತೈತೆ, ವಾರದಾಗೆ ಇಡೀ ರಾಶಿಗೆ ಬೂಷ್ಟು. ಕೆಂಪು ಒತ್ತಿದ್ರೆ ಪಾಲಣ್ಣ ವಾಪಸ್ ಗೌರಸಮುದ್ರಕ್ಕೆ ಹೊತ್ಕೊಂಡು ಹೋಗ್ಬೇಕು. ಎರಡು ದಿನ ಬಿಸಿಲು ಕಂಡ್ರೆ ಒಳ್ಳೇ ಮಾಲು ಇದು."

ತ್ರಿವೇಣಿಯ ಮುಖ ಬಿಗಿಯಾಯಿತು. ಹಳೆಯ ರಿಜಿಸ್ಟರಿನ ಹದಿನಾಲ್ಕು ಕಾಲಮ್ಮುಗಳನ್ನು ಎರಡೇ ಬಟನ್ನಿಗೆ ಇಳಿಸಿದ್ದು ಅವಳ ಹೆಮ್ಮೆ. "ಬಟನ್ ಜಾಸ್ತಿಯಾದ್ರೆ ಗೊಂದಲ ಆಗುತ್ತೆ ರೂಪಕ್ಕ. ತೇವ ಜಾಸ್ತಿ ಇದ್ರೆ ಕೆಂಪು, ಅಷ್ಟೇ."

ರೂಪ ಟ್ರ್ಯಾಕ್ಟರಿನಿಂದ ನಾಲ್ಕು ಕಾಯಿ ತೆಗೆದು ತ್ರಿವೇಣಿಯ ಅಂಗೈಯಲ್ಲಿಟ್ಟಳು. "ಕಿವಿ ಹತ್ರ ಹಿಡಿದು ಅಲ್ಲಾಡಿಸ್ರಿ." ಸದ್ದೇ ಇಲ್ಲ. ಪಕ್ಕದಲ್ಲಿದ್ದ ಒಣಗಿದ ಕಾಯಿಯ ಚೀಲದಿಂದ ಇನ್ನು ನಾಲ್ಕು ಕೊಟ್ಟಳು. ಬೀಜ ಗಲಗಲ ಎಂದವು.

"ನಿಮ್ಮ ಸ್ಕ್ರೀನ್ ಚೆಂದ ಐತೆ ಮೇಡಂ, ಸುಳ್ಳು ಹೇಳಲ್ಲ. ಕಣ್ಣಿಗೆ ಎಷ್ಟೋ ಆರಾಮು. ಆದ್ರೆ ನನ್ನ ಕೆಲ್ಸ ಇರೋದು ಆ ಎರಡು ಬಟನ್ ನಡುವೆ. ಬರೋ ಗಾಡಿಗಳಲ್ಲಿ ಅರ್ಧ ಮಿಲ್ಲಿನ ಹಿಂದಿನ ಕಣಕ್ಕೇ ಹೋಗ್ತಾವೆ, ಒಣಗೋಕೆ."

ಹಾರನ್ ಜೋರಾಯಿತು. "ಅದನ್ನ ನಾಳೆ ನೋಡೋಣ. ಈಗ ಹಸಿರು ಒತ್ತು," ಎಂದರು ಮುರುಗೇಂದ್ರಪ್ಪ.

"ನೀವೇ ಒತ್ರಿ."

ಅವರು ಬೆರಳು ಚಾಚಿದರು. ಒಂಬತ್ತು ವರ್ಷದಿಂದ ಈ ಮೇಜಿನ ಹಿಂದೆ ಕೂತವಳು ರೂಪ. ಅವಳು ಒಳಗೆ ಬಿಟ್ಟ ಒಂದು ರಾಶಿಯೂ ಕೆಟ್ಟಿರಲಿಲ್ಲ. ಬೆರಳು ತೆರೆಯನ್ನು ಮುಟ್ಟದೆ ಹಿಂದೆ ಬಂತು. "ಇನ್ನೊಂದು ಬಟನ್ ಹಾಕೋಕೆ ಎಷ್ಟು ಹೊತ್ತು ಬೇಕಮ್ಮ?" ಎಂದು ತ್ರಿವೇಣಿಯನ್ನು ಕೇಳಿದರು.

"ಅರ್ಧ ಗಂಟೆ ಸರ್."

ಅವಳು ಅಲ್ಲೇ ಒಂದು ಚೀಲದ ಮೇಲೆ ಕೂತು ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದಳು. ಡ್ರೈವರುಗಳು ಚಹಾಕ್ಕೆ ಹೋದರು. ತೆರೆಯ ಮೇಲೆ ಮೂರನೇ ಬಟನ್ ಮೂಡಿತು: 'ತಾತ್ಕಾಲಿಕವಾಗಿ ತಡೆಹಿಡಿಯಲಾಗಿದೆ'.

ರೂಪ ಓದಿ ನಕ್ಕಳು. "ರೈತ್ರಿಗೆ ಕೊಡೋ ಚೀಟಿ ಮೇಲೆ ಇದು ಬಂದ್ರೆ ಪಾಲಣ್ಣ ಪೊಲೀಸ್ ಕೇಸು ಅಂದ್ಕೊಂತಾರೆ."

"ಮತ್ತೆ ನೀವು ಏನಂತೀರ ಅವ್ರಿಗೆ?"

"ಬಿಸಿಲಿಗೆ ಹಾಕಿ ಅಂತೀನಿ."

ತ್ರಿವೇಣಿ ಅಷ್ಟನ್ನೇ ಬರೆದಳು. ಧೂಳು ಹಿಡಿದ ಹೆಬ್ಬೆರಳಿಗೂ ಸಿಗುವಷ್ಟು ದೊಡ್ಡದಾಗಿ, ಹಳದಿ ಬಣ್ಣದಲ್ಲಿ. ಜಾಗ ಸಾಲದೆ ಮೇಲಿದ್ದ ಶೇಂಗಾ ಗಿಡದ ಚಿತ್ರ ತೆಗೆಯಲು ಹೋದಾಗ ರೂಪ ತಡೆದಳು: "ಅದು ಇರ್ಲಿ ಬಿಡ್ರಿ, ಸಣ್ಣದು ಮಾಡಿ. ದಿನವೆಲ್ಲ ನೋಡೋಳು ನಾನು."

ರೂಪ ಹಳದಿ ಒತ್ತಿದಳು. ಚೀಟಿ ಹೊರಬಂತು. ಪಾಲಣ್ಣ ಅದರಲ್ಲಿದ್ದ ಎರಡು ಪದಗಳನ್ನು ಓದಿ, ಮಡಚಿ ಜೇಬಿಗಿಟ್ಟುಕೊಂಡು, ಯಾರನ್ನೂ ಏನೂ ಕೇಳದೆ ಟ್ರ್ಯಾಕ್ಟರನ್ನು ಕಣದ ಕಡೆ ತಿರುಗಿಸಿದ.