ಗಂಡನ ಕೈಗೆ ಚೀಲ

ಜಗಳ ತಾರಕಕ್ಕೇರುತ್ತಿದ್ದಂತೆ ಅವಳು ಹಳೆಯ ಉಪಾಯವನ್ನೇ ಹೂಡಿದಳು. ಕೈಚೀಲ, ನೀರಿನ ಬಾಟಲಿ, ಕೊಡೆ, ಸ್ವೆಟರು, ಎಲ್ಲವನ್ನೂ ಗಂಡನ ಕೈಗೆ ಹೇರಿದಳು. ಪಾಪ, ಅವನ ಮಾತು ಅಲ್ಲಿಗೇ ನಿಂತಿತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತವರೆಲ್ಲ ಇವರನ್ನೇ ನೋಡುತ್ತಿದ್ದರು. ನೋಡಲಿ ಬಿಡಿ, ಒಂದಕ್ಷರವಾದರೂ ಅರ್ಥವಾದರೆ ತಾನೇ.

ಮನೆಯಲ್ಲಾದರೆ ಇಷ್ಟೂ ಬೇಕಿರಲಿಲ್ಲ. ದೀಪ ಆರಿಸಿದರೆ ಸಾಕು, ಕೊನೆಯ ಮಾತು ಅವಳದೇ.

ಜಗಳವೇನು ಸಣ್ಣದಲ್ಲ. ವರ್ಷಗಟ್ಟಲೆ ಹಂಬಲಿಸಿದ ಮೇಲೆ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಅವರದೇ ಎರಡು ಭ್ರೂಣಗಳು ಕುಡಿಯೊಡೆದಿದ್ದವು. ಒಂದನ್ನು ಇವತ್ತು ಆರಿಸಬೇಕು. ಜೀನ್ ಪರೀಕ್ಷೆಯ ಪ್ರಕಾರ ಮೊದಲನೆಯದಕ್ಕೆ ಅವಳ ತಾಯಿಕಡೆಯ ಬಳುವಳಿ ಇಳಿದಿತ್ತು. ಎರಡನೆಯದು ಪಾರಾಗಿತ್ತು.

ಗಂಡನಿಗೆ ಎರಡನೆಯದೇ ಬೇಕು. ಅವನಿಗೂ ಅದೇ ತೊಂದರೆ, ಆದರೆ ಅದು ಐದನೇ ವಯಸ್ಸಿನ ಜ್ವರ ಕೊಟ್ಟುಹೋದದ್ದು. ಅವಳಿಗೆ ಮೊದಲನೆಯದು ಬೇಕು. ಅಜ್ಜಿಗೂ ಇತ್ತು, ಅಮ್ಮನಿಗೂ ಇದೆ, ಅದರಿಂದ ಯಾರೇನು ಸತ್ತುಹೋದರೇ? ಅಜ್ಜಿ ತೊಂಬತ್ತು ದಾಟಿ, ಅಕ್ಕಪಕ್ಕದವರನ್ನೆಲ್ಲ ಆಡಿಕೊಂಡೇ ಕಣ್ಣು ಮುಚ್ಚಿದಳು. ಎರಡನೆಯದು ಹುಟ್ಟಿ ತನ್ನ ಮಡಿಲಲ್ಲೇ ಪರಕೀಯವಾಗಿಬಿಟ್ಟರೆ? ಅವಳ ದಿಗಿಲು ಅದು.

ಒಳಗೆ ಅವಳು ಡಾಕ್ಟರ ಬಾಯನ್ನೇ ನೋಡುತ್ತ ಕೂತಳು. ಅವರು ಪರದೆಯ ಕಡೆ ತಿರುಗಿದಾಗಲೆಲ್ಲ ಮೇಜು ಕುಟ್ಟಿ ಈ ಕಡೆ ತಿರುಗಿಸಿಕೊಂಡಳು. ಇವಳ ಮಾತನ್ನು ಅವರಿಗೆ ಮುಟ್ಟಿಸಲು ಪಕ್ಕದಲ್ಲೊಬ್ಬ ನರ್ಸು ಇದ್ದಳು. ಇಂಥದ್ದನ್ನು ಬೇಕೆಂದೇ ಆರಿಸುವುದು ಮಗುವಿಗೆ ಮಾಡುವ ನ್ಯಾಯವೇ ಎಂದು ಡಾಕ್ಟರು ಕೇಳಿದರು. ಹಾಗಾದರೆ ನನ್ನಂಥವಳು ಹುಟ್ಟಲೇಬಾರದಿತ್ತಾ ಎಂದು ಇವಳು ತಿರುಗಿ ಕೇಳಿದಳು. ಡಾಕ್ಟರು ಕನ್ನಡಕ ಒರೆಸಿಕೊಂಡರು.

“ಇಬ್ಬರೂ ಒಪ್ಪಬೇಕು,” ಎಂದರು ಕೊನೆಗೆ.

ಅವಳು ಗಂಡನತ್ತ ನೋಡಿದಳು. ಸಾಮಾನನ್ನೆಲ್ಲ ಅಪ್ಪಿಕೊಂಡು ನಿಂತಿದ್ದ. ಹೇಳುವುದು ಬೆಟ್ಟದಷ್ಟಿತ್ತು, ಕಣ್ಣು ತುಂಬಿತ್ತು. ಥೂ, ಇದು ಮೋಸ ಅನ್ನಿಸಿತು ಅವಳಿಗೆ. ಎದ್ದು ಹೋಗಿ ಒಂದೊಂದಾಗಿ ಎಲ್ಲವನ್ನೂ ಇಸಿದುಕೊಂಡಳು.

“ಹೇಳು,” ಎಂದು ಗಲ್ಲ ಎತ್ತಿದಳು.

“ನಿನ್ನ ಭಯ ನನಗೆ ಗೊತ್ತು,” ಅಂದ ಅವನು. “ಜ್ವರ ಬಿಟ್ಟಮೇಲೆ ನಾನು ಈ ಮಾತು ಕಲಿಯಲಿಲ್ವಾ? ಅದೂ ಕಲಿಯುತ್ತೆ. ಆದರೆ ಐದು ವರ್ಷ ನನಗಿತ್ತಲ್ಲ, ಆಗ ಅಮ್ಮ ತೂಗುತ್ತಾ ಹಾಡಿದ್ದು ಇವತ್ತಿಗೂ ಇಲ್ಲೇ ಇದೆ.” ಎದೆ ಮುಟ್ಟಿಕೊಂಡ. “ಅದಕ್ಕೂ ಅಷ್ಟು ಸಿಗಲಿ.”

ಅವಳು ಸಾಮಾನನ್ನೆಲ್ಲ ನೆಲಕ್ಕಿಟ್ಟು, ಬಿಡುವಾದ ಎರಡೂ ಕೈಗಳಿಂದ ಹೇಳಿದಳು: “ಎರಡನೆಯದೇ ಆಗಲಿ. ಆದರೆ ನೋಡ್ತಿರು, ನಾವು ಕಿವುಡರಿಬ್ಬರು ಕೈಯಲ್ಲಿ ಆಡೋ ಜಗಳನೆಲ್ಲ ಅದು ಬಾಯಲ್ಲಿ ಊರಿಗೇ ಸಾರಿಬರುತ್ತೆ.”